ಹದಿನೆಂಟರಿಂದ ಒಂದಕ್ಕೆ: ಉಡುಪಿಯ ಮಕ್ಕಳು ಒಂದೇ ವರ್ಷದಲ್ಲಿ ಬದಲಾದರೇ?

2018ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇ 88.18 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು. 2023ರಲ್ಲಿ 18ನೇ ಸ್ಥಾನ. "ಬುದ್ಧಿವಂತರ ಜಿಲ್ಲೆಗೆ ಏನಾಯ್ತು ಮಾರಾಯ್ರೆ?" ಅನ್ನುವಷ್ಟರಲ್ಲಿ 2024 ಬಂತು: ಶೇ 94, ಮತ್ತೆ ಮೊದಲ ಸ್ಥಾನ! ಕಾಪು, ಕಾರ್ಕಳದ ಮಕ್ಕಳು ಒಂದು ವರ್ಷ ದಡ್ಡರಾಗಿ ಮರುವರ್ಷ ಜಾಣರಾದರೇ?

ಇಲ್ಲ. ಬದಲಾದದ್ದು ಪರೀಕ್ಷೆ ನಡೆದ ರೀತಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು. ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಹಿಂದಿನ ವರ್ಷ ಮೊದಲಿದ್ದ ಚಿತ್ರದುರ್ಗ ಬಹಳ ಕೆಳಗೆ ಜಾರಿತು. ಅಂದರೆ ನಾವು ಏರಿದ್ದಕ್ಕಿಂತ ಉಳಿದವರು ಇಳಿದದ್ದೇ ಹೆಚ್ಚು. 2025ರಲ್ಲಿ ಆ ಹೆಚ್ಚುವರಿ ಗ್ರೇಸ್ ಅಂಕವೂ ಹೋಯಿತು. ಆಗ ದಕ್ಷಿಣ ಕನ್ನಡ ಶೇ 91.12, ಉಡುಪಿ ಶೇ 89.96. ಕರಾವಳಿಯ ಈ ಅವಳಿ ಜಿಲ್ಲೆಗಳೇ ಮೊದಲೆರಡು.

ಈ ಗಟ್ಟಿತನ ಒಂದು ವರ್ಷದ್ದಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು ಕರಾವಳಿಯಲ್ಲಿ ಶಾಲೆ ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಕಟ್ಟಿದರು. 2011ರ ಜನಗಣತಿಯ ಹೊತ್ತಿಗೆ ಉಡುಪಿಯ ಸಾಕ್ಷರತೆ ಶೇ 86.24. ಓದಿದ ಅಮ್ಮ ಮನೆಯಲ್ಲಿದ್ದರೆ ಮಗುವಿಗೆ ಅದೇ ಮೊದಲ ಟ್ಯೂಷನ್.

ಜಗತ್ತಿನ ಪರೀಕ್ಷೆಗಳ ಕತೆಯೂ ಇಷ್ಟೇ. 15 ವರ್ಷದ ಮಕ್ಕಳಿಗೆ ನಡೆಸುವ 'ಪಿಸಾ' ಪರೀಕ್ಷೆಯ 2009ರ ಸುತ್ತಿನಲ್ಲಿ ಚೀನಾದ ಹೆಸರಲ್ಲಿ ಮಿಂಚಿದ್ದು ಶಾಂಘೈ ನಗರ ಮಾತ್ರ. ಭಾರತದಿಂದ ಬರೆದದ್ದು ತಮಿಳುನಾಡು, ಹಿಮಾಚಲ ಪ್ರದೇಶ ಎರಡೇ. 74ರ ಪಟ್ಟಿಯಲ್ಲಿ ಅವು ಕಿರ್ಗಿಸ್ತಾನಕ್ಕಿಂತ ಮಾತ್ರ ಮೇಲೆ. ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹೊಂದುವುದಿಲ್ಲ ಎಂದು ಹೇಳಿ ಭಾರತ ಮುಂದಿನ ಸುತ್ತುಗಳಿಂದ ದೂರ ಉಳಿಯಿತು. ಕನ್ನಡಿ ಮಡಚಿಟ್ಟರೆ ಮುಖ ಬದಲಾಗುತ್ತದೆಯೇ?

ಮುಂದಿನ ಫಲಿತಾಂಶ ಮೊಬೈಲಿಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ಬರೆದವರು ಯಾರು? ಪಾಸಾಗುವ ನಿಯಮ ಬದಲಾಯಿತೇ? ಕಾವಲು ಹೇಗಿತ್ತು? ಆಮೇಲೆ ಮೇಷ್ಟ್ರನ್ನು ಹೊಗಳಿ ಅಥವಾ ಬೈಯಿರಿ. ಶೇ 94ರ ಸಂಭ್ರಮದಲ್ಲಿ ಉಳಿದ ಆರು ಮಂದಿ ಮಕ್ಕಳ ಮನೆಗೂ ಒಮ್ಮೆ ಹೋಗಿ ಬನ್ನಿ. ಅವರಿಗೆ ಇನ್ನೊಂದು ಪರೀಕ್ಷೆ ಇದೆ ಎಂದು ಹೇಳುವವರು ಬೇಕು.