ಬಾಯಿಪಾಠ, ಕಣ್ಣುಪಾಠ, ಕೈಪಾಠ

ವಯಸ್ಕ ಮನುಷ್ಯನ ದೇಹದಲ್ಲಿ 206 ಎಲುಬುಗಳಿವೆ. ಅವುಗಳ ಜೊತೆಗೆ ನೂರಾರು ಸ್ನಾಯುಗಳು, ನರಗಳು, ರಕ್ತನಾಳಗಳು. ಇಷ್ಟು ಹೆಸರುಗಳನ್ನು ವೈದ್ಯವಿದ್ಯಾರ್ಥಿ ಹೇಗೆ ನೆನಪಿಡುತ್ತಾನೆಂದು ನೀವು ಬೆರಗುಪಟ್ಟಿರಬಹುದು. ಈ ಕಷ್ಟ ವೈದ್ಯವಿದ್ಯೆಯಷ್ಟೇ ಹಳೆಯದು; ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯಗಳೂ ಹಳೆಯವೇ.

ನಮ್ಮವರ ಮೊದಲ ಉಪಾಯ ಪದ್ಯ. ವಾಗ್ಭಟನ ಅಷ್ಟಾಂಗಹೃದಯ ಶ್ಲೋಕರೂಪದಲ್ಲಿದೆ. ಕನ್ನಡದಲ್ಲಿ ವಿಷವೈದ್ಯವನ್ನು ಹೇಳುವ, 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವೂ ಪದ್ಯಕೃತಿಯೇ. ಪದ್ಯದಲ್ಲಿ ಒಂದು ಪದ ಜಾರಿದರೂ ಲಯ ಕೆಡುತ್ತದೆ. ತಪ್ಪನ್ನು ಕಿವಿಯೇ ಹಿಡಿದುಕೊಡುತ್ತದೆ.

ಆದರೆ ಬಾಯಿಪಾಠವೊಂದೇ ಸಾಲದೆಂದು ಸುಶ್ರುತಸಂಹಿತೆ ಎಚ್ಚರಿಸುತ್ತದೆ. ಅರ್ಥವರಿಯದೆ ಓದಿದವನನ್ನು ಅದು ಗಂಧದ ಹೊರೆ ಹೊತ್ತ ಕತ್ತೆಗೆ ಹೋಲಿಸುತ್ತದೆ. ಶಿಷ್ಯನು ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕು. ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಒಳಗಿನ ಅಂಗಗಳನ್ನು ಕಣ್ಣಾರೆ ಕಾಣಬೇಕು.

ಕಣ್ಣನ್ನು ಬಿಟ್ಟು ಗ್ರಂಥವನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಯೂರೋಪಿನ ಇತಿಹಾಸವೇ ಸಾಕ್ಷಿ. 2ನೆಯ ಶತಮಾನದ ಗ್ಯಾಲೆನ್ ಕೋತಿ ಮೊದಲಾದ ಪ್ರಾಣಿಗಳನ್ನು ಸೀಳಿ ನೋಡಿ ಬರೆದುದನ್ನು ಸುಮಾರು 1300 ವರ್ಷಗಳ ಕಾಲ ಮಾನವದೇಹದ ವಿವರವೆಂದೇ ಓದಿದರು. ಅಧ್ಯಾಪಕರು ಎತ್ತರದ ಪೀಠದಲ್ಲಿ ಕುಳಿತು ಗ್ರಂಥ ಓದುವರು. ಕೆಳಗೆ ಶವವನ್ನು ಕೊಯ್ಯುವವನು ಬೇರೊಬ್ಬ. 1543ರಲ್ಲಿ ವೆಸಾಲಿಯಸ್ ತಾನೇ ಕೊಯ್ದು ಕಂಡದ್ದನ್ನು ಚಿತ್ರಸಹಿತ ಪ್ರಕಟಿಸಿದ. ಮನುಷ್ಯನ ಕೆಳದವಡೆ ಗ್ಯಾಲೆನ್ ಹೇಳಿದಂತೆ ಎರಡು ಎಲುಬುಗಳದ್ದಲ್ಲ, ಒಂದೇ ಎಂದು ತೋರಿಸಿದ.

ನಮ್ಮಲ್ಲಿಯೂ ಸುಶ್ರುತನ ಆ ಪದ್ಧತಿ ಕಾಲಾಂತರದಲ್ಲಿ ನಿಂತುಹೋಗಿತ್ತು. 1835ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜು ಆರಂಭವಾಯಿತು. ಮರುವರ್ಷ, ಆಯುರ್ವೇದ ಪಂಡಿತರೇ ಆಗಿದ್ದ ಮಧುಸೂದನ ಗುಪ್ತರು ಮಡಿಮೈಲಿಗೆಯ ಕಟ್ಟನ್ನು ಮೀರಿ ಅಲ್ಲಿ ಶವಚ್ಛೇದನಕ್ಕೆ ಕೈಯಿಟ್ಟರು.

ಹೆಸರುಗಳ ಹೊರೆಯನ್ನೂ ವಿದ್ವಾಂಸರು ಇಳಿಸಿದ್ದಾರೆ. ಒಂದೇ ಅಂಗಕ್ಕೆ ದೇಶಕ್ಕೊಂದು, ಗ್ರಂಥಕ್ಕೊಂದು ಹೆಸರಿದ್ದು, ಒಟ್ಟು ಸುಮಾರು 50,000 ಹೆಸರುಗಳು ಬಳಕೆಯಲ್ಲಿದ್ದವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಪ್ಪಿಗೆಯಾದ ಪಟ್ಟಿ ಅವನ್ನು ಸುಮಾರು 5,000ಕ್ಕೆ ಇಳಿಸಿತು. ಉಳಿದ ಲ್ಯಾಟಿನ್ ಹೆಸರುಗಳೂ ಅರ್ಥ ತಿಳಿದರೆ ನೆಂಟರಂತೆ ಹತ್ತಿರವಾಗುತ್ತವೆ. ಕೊರಳ ಬುಡದ ಎಲುಬು 'ಕ್ಲಾವಿಕಲ್', ಎಂದರೆ ಪುಟ್ಟ ಕೀಲಿಕೈ. ಮೊಣಕಾಲ ಚಿಪ್ಪು 'ಪಟೆಲ್ಲಾ', ಪುಟ್ಟ ತಟ್ಟೆ. ಮೊಣಕಾಲ ಕೆಳಗಿನ ದಪ್ಪ ಎಲುಬು 'ಟಿಬಿಯಾ', ಕೊಳಲು.

ನಿಮ್ಮ ಮನೆಯಲ್ಲಿ ವೈದ್ಯಕೀಯ ಓದುವ ಮಕ್ಕಳಿದ್ದರೆ ಇದಿಷ್ಟನ್ನು ಹೇಳಿ: ಹೆಸರಿನ ಅರ್ಥ ತಿಳಿ, ಪುಸ್ತಕ ಮುಚ್ಚಿ ಚಿತ್ರ ಬರೆ, ನಿನ್ನ ಮೈಯಲ್ಲೇ ಆ ಎಲುಬನ್ನು ಮುಟ್ಟಿ ನೋಡು, ನಾಲ್ಕು ದಿನ ಬಿಟ್ಟು ಮತ್ತೆ ನೆನಪಿಸಿಕೊ. ಇದು ಪರೀಕ್ಷೆಗಾಗಿ ಮಾತ್ರವಲ್ಲ. ತೋಳಿನ ಎಲುಬನ್ನು ಬಳಸಿಕೊಂಡು ರೇಡಿಯಲ್ ನರ ಹಾದುಹೋಗುತ್ತದೆ. ಮುರಿದ ತೋಳನ್ನು ಸರಿಪಡಿಸುವ ವೈದ್ಯ ಅದನ್ನು ಮರೆತು ನರಕ್ಕೆ ಪೆಟ್ಟು ಬಿದ್ದರೆ ರೋಗಿಯ ಮಣಿಕಟ್ಟು ಜೋತುಬೀಳುತ್ತದೆ. ಆ ಗಳಿಗೆಯಲ್ಲಿ ಪುಸ್ತಕ ತೆರೆಯಲು ಬಿಡುವಿರುವುದಿಲ್ಲ.