ತಿಕೋಟಾದ ಬಳ್ಳಿ

ಕಾಶಿಯ ಜಂಗಮವಾಡಿ ಮಠಕ್ಕೆ ಬರುವಾಗ ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ನಾವು ಮನೆಯ ಮಣೂಕ, ಅಂದರೆ ಒಣದ್ರಾಕ್ಷಿ, ಕಟ್ಟಿಕೊಂಡೇ ಬರುತ್ತೇವೆ. ಇಲ್ಲಿಯವರು ಕಾಬೂಲಿನದೇ ಎಂದು ಕೇಳಿದರೆ ಬಳ್ಳಿಯ ಕಥೆ ಹೇಳದೆ ನನಗೆ ಸಮಾಧಾನವಿಲ್ಲ.

ಪಶ್ಚಿಮ ಏಷ್ಯಾದ ಸುಲ್ತಾನಾ ದ್ರಾಕ್ಷಿ ತಳಿಗೆ 19ನೇ ಶತಮಾನದ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಥಾಮ್ಸನ್ ಹೆಸರು ಅಂಟಿ, ಅದು ಥಾಮ್ಸನ್ ಸೀಡ್‌ಲೆಸ್ ಆಯಿತು. ಅದರಿಂದಲೇ ಸಾಂಗ್ಲಿ ಜಿಲ್ಲೆಯ ತಾಸಗಾಂವ ಸೀಮೆಯಲ್ಲಿ ತಾಸ್-ಎ-ಗಣೇಶ್, ಸೊಲ್ಲಾಪುರದ ಕಡೆ ಸೋನಾಕ ಹುಟ್ಟಿದವು. ತೋಟದಲ್ಲಿ ಬೇರೆಯಾಗಿ ಕಂಡ ಬಳ್ಳಿಯನ್ನು ಆರಿಸಿ ಬೆಳೆಸಿದವರು ರೈತರು! ನನ್ನ ಅಭಿಮಾನವೆಲ್ಲ ಅವರ ಕಣ್ಣಿನ ಮೇಲೆ.

ಮಣೂಕ ಮಾಡಲು ಈ ತಳಿಗಳ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್, ಡಿಪ್ಪಿಂಗ್ ಎಣ್ಣೆ ಬೆರೆತ ನೀರಿನಲ್ಲಿ ಅದ್ದುತ್ತೇವೆ. ಸಿಪ್ಪೆಯ ಮೇಣ ಸಡಿಲಾಗಿ ತೇವ ಬೇಗ ಹೊರಬೀಳುತ್ತದೆ. ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಹರವಿದ ಹಣ್ಣು ಸುಮಾರು 15 ದಿನಕ್ಕೆ ಹಸಿರು-ಹಳದಿ ಮಣೂಕವಾಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕ. ಬಿಸಿಲಿಗೆ ಹಾಕಿದರೆ ಬಣ್ಣ ಕಂದುತ್ತದೆ.

ದಕ್ಷಿಣ ಕರ್ನಾಟಕದ ದ್ರಾಕ್ಷಿಯ ದಾರಿ ಬೇರೆ. ನಂದಿಬೆಟ್ಟದ ಸುತ್ತ ಬೀಜವಿರುವ, ಘಮಘಮಿಸುವ ಬೆಂಗಳೂರು ನೀಲಿ ಹಳೆಯ ಬೆಳೆ. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ ಕ್ಯಾಬರ್ನೆ ಸೊವಿನ್ಯೋನಿನಂಥ ಫ್ರೆಂಚ್ ತಳಿಗಳ ವೈನ್ ಉದ್ಯಮ ಕಟ್ಟಿದರು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿ ತಂದಿತು. ವಿಜಯಪುರದಲ್ಲೂ ವೈನ್ ದ್ರಾಕ್ಷಿ ಇದೆ, ಆದರೆ ನಮ್ಮ ಹೆಚ್ಚಿನ ತೋಟಗಳ ಗೊನೆ ಇಂದಿಗೂ ಶೆಡ್ಡಿಗೇ ಹೋಗುತ್ತದೆ.