ಪ್ರಾಗೈತಿಹಾಸಿಕ ಬಂಡೆಚಿತ್ರಗಳ ಛಾಯಾಗ್ರಹಣ ಮತ್ತು ಚಿತ್ರೀಕರಣ

ಹೊಸಪೇಟೆ, ಹಂಪಿ, ಕಂಪ್ಲಿ ಹಾಗೂ ಸಂಡೂರು ಪರಿಸರವು ವಿಜಯನಗರ ಕಾಲದ ಸ್ಮಾರಕಗಳಿಂದ ಪ್ರಸಿದ್ಧವಾಗಿದೆ. ಆದರೆ ಈ ಭಾಗದ ಬೆಟ್ಟಗಳಲ್ಲಿ ಅದಕ್ಕಿಂತ ಬಹು ಹಿಂದಿನ ಚಿತ್ರಗಳೂ ಇವೆ. ತುಂಗಭದ್ರೆಯ ಆಚೆ ದಡದಲ್ಲಿ, ಆನೆಗೊಂದಿ ಬಳಿಯ ಒನಕೆ ಕಿಂಡಿ ಮತ್ತು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲಿ ಕೆಂಪು ಕಾವಿಯಿಂದ ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳು ಉಳಿದುಬಂದಿವೆ.

ಇಂತಹ ಚಿತ್ರಗಳ ದಾಖಲೀಕರಣವು ಏಕೆ ಅಗತ್ಯವೆಂಬುದಕ್ಕೆ ಬಳ್ಳಾರಿ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟವೇ ನಿದರ್ಶನ. ಇಲ್ಲಿರುವುದು ಬಣ್ಣದ ಚಿತ್ರಗಳಲ್ಲ. ಕರಿಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ದನಗಳು ಮತ್ತು ಮಾನವಾಕೃತಿಗಳು. ಇವುಗಳಲ್ಲಿ ಬಹುಪಾಲು ನವಶಿಲಾಯುಗದವು. ಬಡಿದರೆ ಘಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳೂ ಇಲ್ಲಿವೆ. 1892ರಲ್ಲಿ ಫಾಸೆಟ್ ಎಂಬುವರು ಈ ತಾಣದ ಬಗ್ಗೆ ವರದಿ ಪ್ರಕಟಿಸಿದರು. 19ನೇ ಶತಮಾನದಲ್ಲಿ ತೆಗೆದ ಛಾಯಾಚಿತ್ರಗಳ ಮೂಲಪ್ರತಿಗಳು ಕೆಲವು ಕಳೆದುಹೋದವು, ಕೆಲವು ಮಾಸಿಹೋದವು. 2004ರಲ್ಲಿ ನಿಕೋಲ್ ಬೋಯ್ವಿನ್ ಅವರು ತಾಣದ ಹೊಸ ವಿವರಣೆಯನ್ನು ಪ್ರಕಟಿಸುವ ವೇಳೆಗೆ ಕಲ್ಲು ಗಣಿಗಾರಿಕೆಯಿಂದ ಬೆಟ್ಟದ ಕೆಲವು ಚಿತ್ರಗಳು ನಾಶವಾಗಿದ್ದವು. ಬಂಡೆ ಒಡೆದ ಮೇಲೆ ಉಳಿಯುವುದು ಛಾಯಾಚಿತ್ರ ಮಾತ್ರ. ಅದನ್ನೂ ಕಾಪಾಡದಿದ್ದಲ್ಲಿ ಏನೂ ಉಳಿಯದು.

ಚಿತ್ರ ಸ್ಪಷ್ಟವಾಗಿ ಕಾಣಲೆಂದು ನೀರು ಚಿಮುಕಿಸುವುದು, ಸೀಮೆಸುಣ್ಣದಿಂದ ಗೆರೆ ತಿದ್ದುವುದು ಹಿಂದೆ ರೂಢಿಯಲ್ಲಿತ್ತು. ಇವೆರಡೂ ಹಾನಿಕರ. ನೀರಿನಿಂದ ಲವಣಗಳು ಮೇಲೆದ್ದು ಬಿಳಿ ಪೊರೆ ಕಟ್ಟಬಹುದು. ತಿದ್ದಿದ ಗೆರೆಯು ತಿದ್ದಿದವರ ಊಹೆಯೇ ಹೊರತು ಮೂಲ ಚಿತ್ರವಲ್ಲ. ಕುಟ್ಟಿದ ಚಿತ್ರಗಳಿಗೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು, ಬಣ್ಣದ ಚಿತ್ರಗಳಿಗೆ ನೆರಳಿನ ಸಮ ಬೆಳಕು ಸೂಕ್ತ. ಕಪ್ಪು-ಬಿಳುಪು ಫಿಲ್ಮ್ ಬಳಸುವವರು ಹಸಿರು ಫಿಲ್ಟರ್ ಹಾಕಿದಲ್ಲಿ ಕೆಂಪು ಕಾವಿಯು ಗಾಢವಾಗಿ ಮೂಡುತ್ತದೆ. ಡಿಜಿಟಲ್ ಚಿತ್ರಗಳಲ್ಲಿ ಕಣ್ಣಿಗೆ ಕಾಣದಷ್ಟು ಮಾಸಿದ ಬಣ್ಣವನ್ನು ಡಿ-ಸ್ಟ್ರೆಚ್ ತಂತ್ರಾಂಶದಿಂದ ಗುರುತಿಸಬಹುದಾಗಿದ್ದು, ಇದಕ್ಕೆ ಬಂಡೆಯನ್ನು ಮುಟ್ಟಬೇಕಾಗಿಲ್ಲ. ಪ್ರತಿ ಚಿತ್ರದೊಂದಿಗೆ ಅಳತೆಪಟ್ಟಿ, ದಿನಾಂಕ ಮತ್ತು ಸ್ಥಳವಿವರ ಇರತಕ್ಕದ್ದು. ನೆಗೆಟಿವ್‌ಗಳನ್ನು ತಂಪಾದ, ಒಣ ಜಾಗದಲ್ಲಿ ಇರಿಸತಕ್ಕದ್ದು. ಬಣ್ಣದ ಫಿಲ್ಮ್ ಬೇಗ ಮಾಸುವುದರಿಂದ ಪ್ರತಿ ತೆಗೆದಿಡುವುದು ಒಳಿತು.

ಅರ್ಜಿದಾರರು ತಾಣವು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಸಂರಕ್ಷಣೆಯಲ್ಲಿದೆಯೇ ಅಥವಾ ರಾಜ್ಯ ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಚಲನಚಿತ್ರ ಚಿತ್ರೀಕರಣಕ್ಕೆ 1959ರ ನಿಯಮಗಳನ್ವಯ ಲೈಸೆನ್ಸ್ ಕಡ್ಡಾಯ. ತಾಣವು ಅರಣ್ಯ ಪ್ರದೇಶದಲ್ಲಿದ್ದಲ್ಲಿ ಅರಣ್ಯ ಇಲಾಖೆಯನ್ನೂ ಸಂಪರ್ಕಿಸತಕ್ಕದ್ದು. ಕೇಂದ್ರ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ 1958ರ ಅಧಿನಿಯಮದಡಿ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.